ಮಾತಿಗೆ ಪಥ್ಯ

"ಅವಳ ಮುಂದೆ ಪ್ರೀತಿ ಗೀತಿ ಅಂತ ಬಾಯಿ ಬಿಟ್ಟೀಯ, ಜೋಕೆ!" ಎಂದರು ಅರಿವಳಿಕೆಯ ಡಾಕ್ಟರಮ್ಮ.

ಲಿಫ್ಟ್ ಮೆಕ್ಯಾನಿಕ್ ತಬ್ಬಿಬ್ಬಾದ. ಈಜು ಟೀಚರ್‌ಗೆ ಮದುವೆಯ ಮಾತು ಹೇಳಲು ಅವನು ಧೈರ್ಯ ಕೂಡಿಸಿಕೊಂಡಿದ್ದ ಹೊತ್ತಿಗೇ, ಅವಳ ಕಿಡ್ನಿಯ ನೆತ್ತಿಯ ಮೇಲಿನ ಪುಟ್ಟ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತ್ತು.

"ಆ ಗಡ್ಡೆ ಸುಮ್ನೆ ಕೂತಿಲ್ಲಪ್ಪ, ಅಡ್ರಿನಲಿನ್ ಸುರೀತಾ ಇದೆ. ಗಾಬರಿಯಾಗ್ಲಿ, ಖುಷಿಯಾಗ್ಲಿ, ಬಿಪಿ ಗಗನಕ್ಕೆ! ಮಾತ್ರೆ ಕೊಟ್ಟು ಹತೋಟಿಗೆ ತರ್ತಾ ಇದೀನಿ. ಆಪರೇಷನ್ ಮುಗಿಯೋ ತನಕ ನಿನ್ನ ಮಾತಿಗೂ ಪಥ್ಯ."

ಪಥ್ಯವನ್ನು ಅವನು ಚಾಚೂ ತಪ್ಪದೆ ಪಾಲಿಸಿದ. ದಿನಾ ಸಂಜೆ ಅವಳ ಮಂಚದ ಪಕ್ಕ ಕೂತು ಲಿಫ್ಟಿನ ಹಗ್ಗ, ಗ್ರೀಸು, ಬಾಗಿಲ ರಬ್ಬರು ಎಂದು ಕೊರೆದ. ಮಾತ್ರೆಯ ಮಂಪರಿನಲ್ಲಿ ಅವಳು ನೀರಿನಲ್ಲಿ ತೇಲುವವಳಂತೆ ಮಲಗಿರುತ್ತಿದ್ದಳು. ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲೆ ಮೆಲ್ಲಗೆ ಜಾರುವಾಗ ಅವನಿಗೆ ಲೋಕವೇ ಮರೆತುಹೋಗುತ್ತಿತ್ತು. ಅವಳು ಓರೆಗಣ್ಣಿನಲ್ಲಿ ನೋಡಿದರೆ ಸಾಕು, ಥಟ್ಟನೆ ಫ್ಯಾನನ್ನು ದಿಟ್ಟಿಸುತ್ತಿದ್ದ. ಪ್ರೀತಿಸುವವನಿಗೆ ಇದಕ್ಕಿಂತ ದೊಡ್ಡ ಉಪವಾಸವುಂಟೇ?

ಆಪರೇಷನ್ನಿನ ಬೆಳಿಗ್ಗೆ, ಸ್ಟ್ರೆಚರಿನ ಮೇಲೆ ಮಲಗಿದ್ದ ಅವಳೇ ಮಾತು ತೆಗೆದಳು.

"ಮೊದಲು ನೀನು ನನ್ನ ನೋಡ್ತಿದ್ದ ರೀತಿನೇ ಬೇರೆ. ಕಾಯಿಲೆಯವಳು ಅಂತ ಮನಸ್ಸು ತಣ್ಣಗಾಯ್ತು, ಅಲ್ವಾ? ಬೇಜಾರಿಲ್ಲ. ನಾಳೆಯಿಂದ ಬರಬೇಡ."

ಉತ್ತರ ಅವನ ಗಂಟಲಿಗೆ ಬಂದಿತ್ತು. ಅವಳ ತಲೆಯ ಹಿಂದೆ ನಿಂತಿದ್ದ ಡಾಕ್ಟರಮ್ಮ ಬೇಡವೆಂದು ತಲೆಯಾಡಿಸಿದರು. ಅವನು ತುಟಿ ಕಚ್ಚಿ ನಿಂತ, ಸ್ಟ್ರೆಚರ್ ಹೊರಟುಹೋಯಿತು. ಇದೇ ಕೊನೆಯ ಮಾತಾಗಿಬಿಟ್ಟರೆ ಎಂದು ನೆನೆದು ಅವನಿಗೆ ಅಳುವೇ ಬಂತು.

ಮಧ್ಯಾಹ್ನ ಡಾಕ್ಟರಮ್ಮ ಟೋಪಿ ಕಳಚುತ್ತ ಹೊರಬಂದರು.

"ಗಡ್ಡೆ ಮುಟ್ಟಿದ್ರೆ ಬಿಪಿ ಆಕಾಶಕ್ಕೆ, ಅದರ ರಕ್ತನಾಳ ಕಟ್ಟಿದ್ರೆ ಪಾತಾಳಕ್ಕೆ. ಬೆವರಿಳಿಸಿಬಿಟ್ಲು ಕಣಪ್ಪ! ಈಗ ಬಿಪಿ ಔಷಧಿ ಹಂಗಿಲ್ದೆ ಸರಿಯಾಗಿ ನಿಂತಿದೆ. ಎಚ್ಚರಾಗಿದಾಳೆ. ಹೋಗು, ಹೇಳು."

ಅವನು ಹೋದವನೇ ಒಂದೇ ಉಸಿರಿಗೆ ಹೇಳಿಬಿಟ್ಟ.

"ನಾನು ತಣ್ಣಗಾಗಿಲ್ಲ ಕಣೇ. ನಿನ್ನ ಬಿಪಿಗೆ ಹೆದರಿ ಬಾಯಿ ಹೊಲ್ಕೊಂಡಿದ್ದೆ. ನೀನಂದ್ರೆ ನಂಗೆ ಪ್ರಾಣ. ನನ್ನ ಮದುವೆ ಆಗ್ತೀಯಾ?"

ಅವಳ ಕಣ್ಣುಗಳು ಅರಳಿದವು. ಮರುಕ್ಷಣವೇ ಗಾಬರಿಯಿಂದ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಡಾಕ್ಟ್ರೇ, ಮತ್ತೆ ಎದೆ ಹೊಡ್ಕೋತಾ ಇದೆ! ಗಡ್ಡೆ ಪೂರ್ತಿ ತೆಗೆದಿಲ್ವಾ?"

ಅವನ ಹಿಂದೆಯೇ ಬಂದಿದ್ದ ಡಾಕ್ಟರಮ್ಮ ಮಾನಿಟರಿನತ್ತ ಒಮ್ಮೆ, ಅವನ ಕೆಂಪಾದ ಮುಖದತ್ತ ಒಮ್ಮೆ ನೋಡಿದರು.

"ಪೂರ್ತಿ ತೆಗೆದಿದೀವಿ ಕಣಮ್ಮ. ಇದು ನಿನ್ನದೇ ಎದೆ."

"ಹಾಗಾದ್ರೆ ಹೂಂ," ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಅವನ ಕೈ ಮಾತ್ರ ಬಿಡಲಿಲ್ಲ.