ಬಳಸದೆ ಇಟ್ಟ ಗೇರ್‌ಬಾಕ್ಸ್

“ಹೊಸದು ಅಂತ ಹೇಳಿ ಹಲ್ಲುದುರಿದ ಮುದುಕನ್ನ ಕಳಿಸಿದ್ದಾರೆ ಸರ್!”

ಏಪ್ರಿಲ್ 4, ಬೆಳಿಗ್ಗೆ 10.20. ಠಾಣೆಯ ಮೇಜಿನ ಮೇಲೆ ಗ್ರೀಸು ಮೆತ್ತಿದ ಹಲ್ಲುಚಕ್ರವೊಂದು ಬಂದು ಕೂತಿತು. ಅದರಡಿ ಸಿಕ್ಕ ಹಾಜರಿ ಪುಸ್ತಕವನ್ನು ಇನ್‌ಸ್ಪೆಕ್ಟರ್ ಮೆಲ್ಲಗೆ ಎಳೆದುಕೊಂಡರು.

“ಯಾವ ಮುದುಕನಮ್ಮಾ?”

“ಗೇರ್‌ಬಾಕ್ಸು ಸರ್. ನಮ್ಮ ಗಾಡಿದು.”

ದೂರು ಕೊಡಲು ಬಂದಾಕೆ ದರ್ಜಿ. ವಯಸ್ಸು ಅರವತ್ತರ ಹತ್ತಿರ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಗಾಡಿ ಎಂದರೆ ನಲವತ್ತೆರಡು ವರ್ಷದ ಹಳೆಯ ಮೋಟಾರ್‌ಹೋಮ್. ಒಳಗೆ ಹಾಸಿಗೆ, ಒಲೆ, ಕಿಟಕಿ ಪಕ್ಕ ಹೊಲಿಗೆ ಯಂತ್ರ. ಹನ್ನೊಂದು ವರ್ಷದಿಂದ ಆಕೆಯ ಮನೆಯೂ ಅದೇ, ಅಂಗಡಿಯೂ ಅದೇ. ಎರಡು ವರ್ಷದ ಹಿಂದೆ ಗೇರ್‌ಬಾಕ್ಸ್ ಒಡೆದು, ಬಸ್ ನಿಲ್ದಾಣದ ಹಿಂದಿನ ಖಾಲಿ ಜಾಗದಲ್ಲಿ ನಿಂತದ್ದು ನಿಂತೇ ಇತ್ತು. ಈಗ ನಗರಸಭೆಯ ನೋಟಿಸು ಬಂದಿತ್ತು: ಏಪ್ರಿಲ್ 20ರೊಳಗೆ ಸ್ವಂತ ಎಂಜಿನ್ನಿನಲ್ಲಿ ಹೊರಡದಿದ್ದರೆ ಗುಜರಿಗೆ.

“ಎಳೆಸಿಕೊಂಡು ಹೋಗಿ ಬೇರೆ ಕಡೆ ನಿಲ್ಲಿಸಬಹುದಲ್ಲಾ?”

“ಕೇಳಿದೆ ಸರ್. ಓಡದಿದ್ರೆ ಅದು ಗಾಡಿನೇ ಅಲ್ಲವಂತೆ, ಗುಜರಿಯಂತೆ. ಹಾಗಾದ್ರೆ ಒಳಗಿರೋ ನಾನೇನು?”

ಇನ್‌ಸ್ಪೆಕ್ಟರ್ ದೂರಿನ ಹಾಳೆ ಎಳೆದುಕೊಂಡರು. ಪೆನ್ನು ತೆಗೆದರು.

ಆ ಮಾದರಿಯ ಬಿಡಿಭಾಗ ಈಗ ಯಾರೂ ತಯಾರಿಸುವುದಿಲ್ಲ. ಆಕೆಯ ತಮ್ಮ, ಊರಿಗೆಲ್ಲ ‘ಸ್ಪ್ಯಾನರ್’ ಎಂದೇ ಪರಿಚಿತನಾದ ಮೆಕ್ಯಾನಿಕ್, ಎರಡು ವರ್ಷ ಹುಡುಕಿ ಒಂದು ಹಳೆಯ ಸಾಗಣೆ ಕಂಪನಿಯ ಗೋದಾಮಿನಲ್ಲಿ ಅದನ್ನು ಪತ್ತೆ ಹಚ್ಚಿದ್ದ. ಒಮ್ಮೆಯೂ ಗಾಡಿಗೆ ಕೂಡಿಸದ ಗೇರ್‌ಬಾಕ್ಸ್, ತಯಾರಕರ ಮರದ ಪೆಟ್ಟಿಗೆಯಲ್ಲೇ ಇತ್ತು. ಮಾರ್ಚ್ 12ರಂದು ಅಕ್ಕ, ತಮ್ಮ ಇಬ್ಬರೂ ಹೋಗಿ ಕಣ್ಣಾರೆ ನೋಡಿ ಖರೀದಿಸಿದ್ದರು. ಮಾರ್ಚ್ 14ಕ್ಕೆ ಲಾರಿಗೆ ಹೇರಿಸಲಾಯಿತು, 16ಕ್ಕೆ ತಮ್ಮನ ಗ್ಯಾರೇಜಿಗೆ ಬಂದಿತು. ತಮ್ಮನಿಗೆ ಪುರುಸೊತ್ತಾಗಿ ಮೊಳೆ ಕಿತ್ತದ್ದು ಏಪ್ರಿಲ್ 3ರಂದು. ಒಳಗಿದ್ದದ್ದು ಅದೇ ಮಾದರಿಯ, ಸವೆದು ಸಾಕಾದ ಹಳೆಯ ಮಾಲು.

ವಂಚನೆ ಆರೋಪದ ಮೇಲೆ 11.45ಕ್ಕೆ FIR ದಾಖಲಾಯಿತು. ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಹೆಡ್ ಕಾನ್‌ಸ್ಟೇಬಲ್ ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದರು. ತೊಡಕು ಅಲ್ಲೇ ಶುರುವಾಯಿತು. ಗೇರ್‌ಬಾಕ್ಸಿನ ಮೇಲಿನ ತಗಡಿನ ನಂಬರ್ ಫಲಕ ಬಿಲ್ಲಿಗೆ ಅಕ್ಷರಶಃ ತಾಳೆಯಾಗುತ್ತಿತ್ತು.

“ನಂಬರ್ ಸರಿ ಇದೆಯಲ್ಲಪ್ಪಾ?” ಎಂದರು ಇನ್‌ಸ್ಪೆಕ್ಟರ್.

“ನಂಬರ್ ಸರಿ ಇದ್ರೆ ಹಲ್ಲು ಹುಟ್ಟುತ್ತಾ ಸರ್?” ಎಂದ ಸ್ಪ್ಯಾನರ್.

ಗೋದಾಮಿನ ಮಾಲೀಕರು ಫೋನಿನಲ್ಲೇ ಕೈ ತೊಳೆದುಕೊಂಡರು. “ನೋಡಿ ಒಪ್ಪಿ ತಗೊಂಡಿದ್ದಾರೆ. ಮೂರು ವಾರ ಪೆಟ್ಟಿಗೆ ಅವರ ಹತ್ರಾನೇ ಇತ್ತು. ಮೆಕ್ಯಾನಿಕ್ಕೇ ಬದಲಾಯಿಸಿರಬಾರದಾ?” ಲಾರಿ ಚಾಲಕ ದೂರದ ಬಾಡಿಗೆಗೆ ಹೋಗಿದ್ದ. ಏಳು ದಿನ ಕಾದದ್ದಕ್ಕೆ, 11ನೇ ತಾರೀಖು ಅವನು ಕೊಟ್ಟ ಹೇಳಿಕೆ ಇಷ್ಟೇ: “ಹೇರಿದೆ, ಇಳಿಸಿದೆ. ಪೆಟ್ಟಿಗೆ ಒಳಗೆ ಆನೆ ಇದ್ರೂ ನಂಗೊತ್ತಾಗಲ್ಲ ಸರ್.”

ದರ್ಜಿ ದಿನಾ ಸಂಜೆ ಐದಕ್ಕೆ ಠಾಣೆಗೆ ಬಂದು ಬೆಂಚಿನ ಮೇಲೆ ಕೂರತೊಡಗಿದಳು. ಸುಮ್ಮನೆ ಕೂರುವ ಜಾತಿಯಲ್ಲ. ಕಾನ್‌ಸ್ಟೇಬಲ್ಲುಗಳ ಕಿತ್ತುಹೋದ ಗುಂಡಿಗಳನ್ನೆಲ್ಲ ಹೊಲಿದುಕೊಟ್ಟಳು. 13ರ ಹೊತ್ತಿಗೆ ಠಾಣೆಯಲ್ಲಿ ಗುಂಡಿಯಿಲ್ಲದ ಅಂಗಿ ಒಂದೂ ಉಳಿಯಲಿಲ್ಲ, ಕೇಸು ಮಾತ್ರ ಇದ್ದಲ್ಲೇ ಇತ್ತು.

“ಏನಾಯ್ತು ಸರ್?”

“ತನಿಖೆಯಲ್ಲಿದೆ.”

“ನಿನ್ನೆನೂ ಅದನ್ನೇ ಹೇಳಿದ್ರಿ.”

“ನಿನ್ನೆನೂ ತನಿಖೆಯಲ್ಲೇ ಇತ್ತಮ್ಮಾ!” ಇನ್‌ಸ್ಪೆಕ್ಟರ್ ಕಡತವನ್ನು ಮೇಜಿಗೆ ಬಡಿದರು. ಬಡಿದ ಮೇಲೆ ಅವರಿಗೇ ನಾಚಿಕೆಯಾಯಿತು.

14ರಂದು ಹೆಡ್ ಕಾನ್‌ಸ್ಟೇಬಲ್ ಪಂಚನಾಮೆಯ ಫೋಟೋಗಳನ್ನು ತಿರುವಿಹಾಕುತ್ತ ಒಂದರ ಮೇಲೆ ಬೆರಳಿಟ್ಟರು. “ಸರ್, ಫಲಕ ನಲವತ್ತು ವರ್ಷದ್ದು. ಅದಕ್ಕೆ ಬಡಿದಿರೋ ರಿವೆಟ್ಟು ನೋಡಿ, ಮೊನ್ನೆ ಮೊನ್ನೆ ತಂದ ಹಾಗೆ ಫಳಫಳ ಅಂತಿದೆ.”

“ಫಲಕ ಕಿತ್ತು ಇದಕ್ಕೆ ಬಡಿದಿದ್ದಾರೆ ಅಂತೀರಾ?”

“ಬಡಿದೋನು ಕೆಲಸಗಾರ ಸರ್. ಒಂದು ಗೀರು ಬಿದ್ದಿಲ್ಲ. ಸ್ಪ್ಯಾನರ್ ಕೈಯಲ್ಲಿ ಆಗೋ ಕೆಲಸ ಅಲ್ಲ ಇದು, ಅವನ ಗ್ಯಾರೇಜ್ ನೋಡಿದೀನಲ್ಲ.”

ಏಪ್ರಿಲ್ 15, ಬೆಳಿಗ್ಗೆ 11.10. ಇಬ್ಬರೂ ಗೋದಾಮಿಗೆ ಹೋದರು. ಉದ್ದನೆಯ ತಗಡಿನ ಶೆಡ್ಡು. ಕಂಪನಿ ಗಾಡಿ ಓಡಿಸುವುದನ್ನು ನಿಲ್ಲಿಸಿಯೇ ಹದಿನಾಲ್ಕು ವರ್ಷ. ಆದರೂ ಗೂಡು ಗೂಡಿಗೂ ಚೀಟಿ, ನೆಲದ ಮೇಲೆ ಒಂದು ಹನಿ ಎಣ್ಣೆಯಿಲ್ಲ. ನೀಲಿ ಕೋಟು ತೊಟ್ಟ ಸ್ಟೋರ್‌ಕೀಪರ್, ಸಣಕಲು ಮುದುಕ, ಕೈಕಟ್ಟಿ ನಿಂತಿದ್ದ. ಎಷ್ಟು ಕೇಳಿದರೆ ಅಷ್ಟೇ ಉತ್ತರ.

“ಗೇರ್‌ಬಾಕ್ಸ್ ಎಲ್ಲಿತ್ತು?”

“ಕೊನೇ ಗೂಡಲ್ಲಿ.”

“ಪೆಟ್ಟಿಗೆಗೆ ಮೊಳೆ ಹೊಡೆದವರು?”

“ನಾನೇ.”

“ಒಳಗಿದ್ದದ್ದು?”

“ಬಿಲ್ಲಲ್ಲಿ ಇರೋದು.”

ಕೊನೆಯ ಗೂಡು ಖಾಲಿಯಿತ್ತು. ಪಕ್ಕದ ಮೊಳೆಗೆ ರಟ್ಟಿನ ಕಾರ್ಡೊಂದು ತೂಗುತ್ತಿತ್ತು. ಪ್ರತಿ ತಿಂಗಳ ಒಂದನೇ ತಾರೀಖಿಗೂ ಒಂದೇ ಸಾಲು: ‘ಶಾಫ್ಟ್ ತಿರುಗಿಸಿದೆ, ಎಣ್ಣೆ ನೋಡಿದೆ’, ಎದುರಿಗೆ ರುಜು. ಅದರ ಹಿಂದೆ ಇನ್ನೊಂದು ಕಾರ್ಡು, ಹಿಂದೆ ಮತ್ತೊಂದು, ಮೂವತ್ತೊಂದು ವರ್ಷದ ಕಾರ್ಡುಗಳು. ನಿಂತ ಯಂತ್ರ ಒಳಗೊಳಗೇ ತುಕ್ಕು ಹಿಡಿಯದಿರಲೆಂದು ತಿಂಗಳಿಗೊಮ್ಮೆ ಕೈಯಿಂದ ತಿರುಗಿಸುವುದು ಹಳೆಯ ಸ್ಟೋರುಗಳ ಪದ್ಧತಿ. ಇನ್‌ಸ್ಪೆಕ್ಟರ್ ಮೇಲಿನ ಕಾರ್ಡಿನ ಕೊನೆಯ ಸಾಲಿನವರೆಗೆ ಓದಿದರು. ಮತ್ತೊಮ್ಮೆ ಓದಿದರು.

“ಮಾಲು ಇಲ್ಲಿಂದ ಹೋದದ್ದು ಮಾರ್ಚ್ ಹದಿನಾಲ್ಕಕ್ಕೆ, ಅಲ್ವಾ ಯಜಮಾನ್ರೆ?”

“ಹೌದು.”

“ಹಾಗಾದ್ರೆ ಏಪ್ರಿಲ್ ಒಂದಕ್ಕೆ ಯಾವ ಶಾಫ್ಟ್ ತಿರುಗಿಸಿದ್ರಿ?”

ಮುದುಕ ಕಾರ್ಡು ನೋಡಿದ. ತನ್ನ ರುಜುವನ್ನು ತಾನೇ ಗುರುತಿಸುವವನಂತೆ ಕಣ್ಣು ಕಿರಿದು ಮಾಡಿದ.

“ಮಾಡಿದ ಕೆಲಸ ಬರೆಯದೆ ಇರೋಕೆ ನಂಗೆ ಬರಲ್ಲ ಸರ್,” ಎಂದವನೇ ಶೆಡ್ಡಿನ ಹಿಂಭಾಗಕ್ಕೆ ನಡೆದ. ಹಳೆಯ ಟಯರುಗಳ ಹಿಂದೆ, ಟಾರ್ಪಾಲಿನಡಿ, ಮೇಣದ ಕಾಗದ ಸುತ್ತಿಕೊಂಡು ಗೇರ್‌ಬಾಕ್ಸ್ ಕೂತಿತ್ತು. ಮಧ್ಯಾಹ್ನ 12.30ಕ್ಕೆ ಜಪ್ತಿ ಪಂಚನಾಮೆ. 1.05ಕ್ಕೆ ಬಂಧನ.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಮಾತ್ರ ಅವನ ಬಾಯಿ ಬಿಚ್ಚಿತು.

“ಎಂದಾದ್ರೂ ಒಂದು ಗಾಡಿಗೆ ಬೀಳುತ್ತೆ, ಓಡುತ್ತೆ ಅಂತ ಕಾದೆ ಸರ್. ಈ ತಮ್ಮ ಬಂದ. ತಟ್ಟಿ ನೋಡಿದ. ಹಿಂದಿನ ಕಿವಿ, ಆ ಬೋಲ್ಟು ಹಾಕೋ ಚಾಚು, ಅಡ್ಡ ಬರುತ್ತೆ, ಗ್ಯಾಸಲ್ಲಿ ಕತ್ತರಿಸಿ ಬಿಸಾಕಿದ್ರಾಯ್ತು ಅಂದ. ನನ್ನ ಮುಂದೇನೇ ಅಂದ. ಕತ್ತರಿಸೋಕೆ ಮೂಲೇಲಿ ಬಿದ್ದಿದ್ದ ಹಳೇದೇ ಸಾಕು ಅನ್ನಿಸ್ತು, ಫಲಕ ಅದಕ್ಕೆ ಬಡಿದು ಕಳಿಸಿದೆ.”

“ಅದರಲ್ಲಿ ಒಬ್ರು ವಾಸ ಇದ್ದಾರೆ ಅಂತ ಗೊತ್ತಿತ್ತಾ?”

“ಯಾರೂ ಹೇಳಲಿಲ್ಲ. ಷೋಕಿಗೆ ಇಟ್ಕೊಂಡಿರೋ ಹಳೇ ಗಾಡಿ ಅಂದ್ಕೊಂಡೆ.”

ಬೆಂಚಿನ ಮೇಲಿದ್ದ ಸ್ಪ್ಯಾನರ್ ಎದ್ದು ನಿಂತ. “ಕತ್ತರಿಸದೆ ಹೆಂಗೆ ಕೂರ್ಸೋದು? ನೀನೇ ಹೇಳು ತಾತ!”

“ಅದಕ್ಕೇ ಅಂತ ಕಂಪನಿಯೋರು ಕೊಟ್ಟಿರೋ ಬ್ರಾಕೆಟ್ಟು ಮೂರನೇ ಗೂಡಲ್ಲಿದೆ. ಕೇಳಿದ್ರಾ?”

ಸ್ಪ್ಯಾನರ್ ಮತ್ತೆ ಕೂತ. ಅಕ್ಕ ಅವನ ತಲೆಗೊಂದು ಮೊಟಕಿದಳು.

ಮಾಲು ಸಿಕ್ಕರೂ ಕೈಗೆ ಸಿಗಲಿಲ್ಲ. ಜಪ್ತಿಯಾದದ್ದನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕು. ಅರ್ಜಿಯ ವಿಚಾರಣೆಗೆ ದಿನಾಂಕ ಬಿದ್ದದ್ದು ಏಪ್ರಿಲ್ 27. ನಗರಸಭೆಯ ಗಡುವು 20. ಇನ್‌ಸ್ಪೆಕ್ಟರ್ ಮೂರು ಕಚೇರಿಗೆ ಫೋನು ಮಾಡಿ ಮೂರು ಕಡೆಯೂ ‘ಬರವಣಿಗೆಯಲ್ಲಿ ಕೊಡಿ’ ಎನಿಸಿಕೊಂಡರು. ನಾಲ್ಕನೆಯ ಬಾರಿ ಫೋನು ಕೆಳಗಿಟ್ಟು ನಗರಸಭೆಗೆ ಬರವಣಿಗೆಯಲ್ಲೇ ಕೊಟ್ಟರು: ಸದರಿ ಮೋಟಾರ್‌ಹೋಮ್ ತನಿಖೆಗೆ ಸಂಬಂಧಿಸಿದ ವಾಹನವಾದ್ದರಿಂದ, ಪ್ರಕರಣ ಇತ್ಯರ್ಥವಾಗುವವರೆಗೆ ಯಾರೂ ಅದನ್ನು ಸ್ಥಳದಿಂದ ಕದಲಿಸತಕ್ಕದ್ದಲ್ಲ.

“ಯಾರೂ ಮುಟ್ಟಲ್ವಾ ಸರ್?” ಎಂದಳು ದರ್ಜಿ.

“ಕೇಸು ಮುಗಿಯೋವರೆಗೆ ಮುಟ್ಟೋ ಹಾಗಿಲ್ಲ.”

“ಯಾವಾಗ ಮುಗಿಯುತ್ತೆ?”

“ಅದೊಂದು ವಿಷಯದಲ್ಲಿ ನೀವು ಧೈರ್ಯವಾಗಿರಿ.”

ಠಾಣೆಯಲ್ಲಿ ಹನ್ನೊಂದು ದಿನಗಳಲ್ಲಿ ಮೊದಲ ಬಾರಿಗೆ ಯಾರೋ ನಕ್ಕರು. ದರ್ಜಿ ನಗಲಿಲ್ಲ. ಅಂದೇ ಸಂಜೆ ನ್ಯಾಯಾಧೀಶರು ಮಂಜೂರು ಮಾಡಿದ ಜಾಮೀನಿನ ಕಾಗದಕ್ಕೆ ಕಾಯುತ್ತಿದ್ದ ಮುದುಕನ ಎದುರು ಹೋಗಿ ನಿಂತಳು.

“ಎರಡು ವರ್ಷ ಹುಡುಕಿದ್ದೀವಿ ನಾವು. ನಿಮಗೊಂದು ಮಾತು ಕೇಳೋಕೆ ಏನಾಗಿತ್ತು?”

“ತಪ್ಪಾಯ್ತಮ್ಮಾ.”

“ತಪ್ಪು ನನಗೆ ಬೇಡ. ಕೋರ್ಟು ಬಿಟ್ಟುಕೊಟ್ಟ ಮೇಲೆ ನೀವೇ ಬಂದು ಕೂಡಿಸಿ. ಇವನ ಕೈಗೆ ಕೊಡಲ್ಲ.”

ಮುದುಕ ಇನ್‌ಸ್ಪೆಕ್ಟರ್ ಕಡೆ ನೋಡಿದ.

“ಫಿರ್ಯಾದಿಯನ್ನ ಭೇಟಿ ಆಗಬಾರದು ಅಂತ ಜಾಮೀನಿನ ಷರತ್ತಿದೆ,” ಎಂದು ಇನ್‌ಸ್ಪೆಕ್ಟರ್ ಹಣೆ ಉಜ್ಜಿಕೊಂಡರು. “ಅದಕ್ಕೂ ಒಂದು ಅರ್ಜಿ ಬರೀತೀನಿ. ಇಬ್ರೂ ಸ್ವಲ್ಪ ಸುಮ್ನಿರಿ.”

ಆ ಹೊತ್ತಿಗೆ ನಾಲ್ವರು ಕಾನ್‌ಸ್ಟೇಬಲ್ಲುಗಳು ಆಗಷ್ಟೇ ಬಂದ ಜೀಪಿನಿಂದ ಗೇರ್‌ಬಾಕ್ಸನ್ನು ಎತ್ತಿ, ಏದುಸಿರು ಬಿಡುತ್ತ ಒಳಗೆ ತಂದರು. ಬರಿಯ ಕಲ್ಲುನೆಲಕ್ಕೆ ಅದು ಇಳಿಯುವ ಮುನ್ನ ಆರೋಪಿ ಬೆಂಚಿನಿಂದೆದ್ದು, ಯಾರನ್ನೂ ಕೇಳದೆ, ತನ್ನ ನೀಲಿ ಕೋಟು ಬಿಚ್ಚಿ ನಾಲ್ಕು ಮಡಿಕೆ ಮಾಡಿ ಅದರಡಿಗೆ ತಳ್ಳಿದ.