ಉಡಿಗೆ ಬಿದ್ದ ಆರ್ಕಿಡ್

“ಬ್ಯಾರೆ ಏನರ ಬೇಡು ತಂಗಿ. ಆ ಹೂವಿನ ಕುಂಡ ಮಾತ್ರ ಬ್ಯಾಡ,” ಎಂದಳು ರುಕ್ಮವ್ವ. ಬನಹಟ್ಟಿಯ ಆ ನೇಕಾರರ ಮನೆಯಲ್ಲಿ ಮೂವತ್ತು ವರ್ಷದಿಂದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದುಕಿ ಅವಳು. “ಅದರ ಬುಡದಾಗ ನಿನ್ನ ನೆಗೆಣ್ಣಿ ಶೈಲಾ ಕಳಕೊಂಡ ಕೂಸಿನ ಹೊಕ್ಕಳಬಳ್ಳಿ ಐತಿ. ಹೊಳಿ ಆಚೆ ಮಾಟಗಾರ ಕಟ್ಟಿ ಕೊಟ್ಟಾನ. ಮೂರು ಸಲ ಇಲ್ಲ ಅಂದರೂ ಬೇಡಿ ಒಯ್ದಾಕಿ, ಕೊಟ್ಟಾಕಿಗೆ ತನ್ನ ಕೂಸಿನ್ನ ಕೊಡಬೇಕಾಗತೈತಿ.”

ಏಳು ತಿಂಗಳ ಬಸುರಿ ಮಧುಮತಿ ನಕ್ಕಳು. “ನಾ ಜಮಖಂಡ್ಯಾಗ ಬಿಎಸ್ಸಿ ಓದೀನಿ ರುಕ್ಮವ್ವಾ. ಅದು ಆರ್ಕಿಡ್, ದೆವ್ವ ಅಲ್ಲ. ದೆವ್ವಕ್ಕ ವಾರಕ್ಕೊಮ್ಮೆ ನೀರ ಹಾಕ್ತಾರೇನು?”

ಅವಳು ಮದುವೆಯಾಗಿ ಬಂದು ಒಂದು ವರ್ಷ. ಅಂದಿನಿಂದ ಅವಳ ಕಣ್ಣಿಗೆ ಚುಚ್ಚುತ್ತಿದ್ದುದು ಭಾವನ ಹೆಂಡತಿ ಶೈಲಾಳ ಕಿಟಕಿಯ ಆ ಕುಂಡ. ಅದರಲ್ಲಿ ಮಣ್ಣಿರಲಿಲ್ಲ. ಇದ್ದಿಲು, ತೆಂಗಿನ ನಾರು, ಮೇಲೆ ಬೆರಳಿನಂಥ ಬಿಳಿ ಬೇರುಗಳು. ಆದರೂ ನೇರಳೆ ಹೂಗಳು ತಿಂಗಳುಗಟ್ಟಲೆ ಬಾಡುತ್ತಿರಲಿಲ್ಲ. ಮಧುಮತಿಯೂ ಹಟಕ್ಕೆ ಬಿದ್ದು ಒಂದು ಆರ್ಕಿಡ್ ತಂದು, ದಿನಾ ನೀರು ಸುರಿದು ಕೊಳೆಸಿದ್ದಳು. ಗಂಡ ರಾಹುಲ ಸಂಜೆ ಬಂದರೆ ಮೊದಲ ಮಾತು ಅತ್ತಿಗೆಯೊಂದಿಗೆ: “ವೈನಿ, ಮೊಗ್ಗಿ ಬಿಡ್ತೇನು?” ಕೂಸು ಹೊತ್ತವಳು ತಾನು, ಮನೆಯವರ ಕಣ್ಣೆಲ್ಲ ಆ ಬಂಜೆಯ ಕಿಟಕಿಯ ಮೇಲೆ. ಆ ಕಿಟಕಿ ಬರಿದಾಗಬೇಕು.

ಬಸುರಿಗೆ ಉಡಿ ತುಂಬುವ ಕುಬಸದ ದಿನ ಹಸಿರು ಸೀರೆ ಉಟ್ಟು ಕುಳಿತವಳನ್ನು ಅತ್ತೆ ಗುರುಬಸವ್ವ ಕೇಳಿದಳು, “ಏನ ಬಯಕಿ ಐತಿ ಹೇಳವಾ.” ಬಸುರಿಯ ಬಯಕೆಗೆ ಇಲ್ಲವೆನ್ನುವ ಪದ್ಧತಿಯಿಲ್ಲ. ಮಧುಮತಿ ಕುಂಡದತ್ತ ಬೆರಳು ತೋರಿಸಿದಳು.

“ಇಲ್ಲ,” ಎಂದಳು ಶೈಲಾ. “ನನ್ನ ಬಂಗಾರ ತೊಗೊ.”

“ಬಂಗಾರ ಯಾರಿಗೆ ಬೇಕು ಅಕ್ಕಾ? ಹೂವ ಕೊಡು.”

“ಇಲ್ಲ.”

“ಬಸುರಿ ಬೇಡಿದ್ರೂ ಮನಸ್ಸು ಇಷ್ಟ ಸಣ್ಣದೇನು?” ಮಧುಮತಿಯ ಮಾತಿಗೆ ಹೆಂಗಸರು ಕಿಸಕ್ಕನೆ ನಕ್ಕರು.

“ಇಲ್ಲ ಅಂದ್ನಲ್ಲ.”

“ನನಗ ಅದಽ ಬೇಕು.”

“ಕೊಡು ಶೈಲಾ,” ಗದರಿದಳು ಅತ್ತೆ.

ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಕುಂಡವೂ ಮಧುಮತಿಯ ಉಡಿ ಸೇರಿತು.  ಶೈಲಾಳ ಕಣ್ಣು ಮಿಟುಕಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಮನೆಯ ಮಗ್ಗಗಳು ನಿಂತವು. ಓಣಿಯ ಮಗ್ಗಗಳೂ ನಿಂತವು. ಖಟಖಟ ಸದ್ದಿನಲ್ಲೇ ದಿನ ಕಳೆಯುತ್ತಿದ್ದ ಮಧುಮತಿಗೆ ಆ ಮೌನ ಆಳದ ಬಾವಿಯಂತಿತ್ತು. ಅದರ ತಳದಿಂದ ಒಂದು ಸದ್ದು. ಮೊಲೆ ಚೀಪುವ ಸದ್ದು. ಹುಳಿಬಂದ ಹಾಲಿನ ವಾಸನೆ, ಬಾಣಂತಿ ಕೋಣೆಯ ಹೊಗೆಯ ವಾಸನೆ. ಅವಳ ಕಿಟಕಿಯಲ್ಲಿಟ್ಟ ಕುಂಡದ ಬಿಳಿ ಬೇರುಗಳು ಅಂಚು ದಾಟಿ ಅವಳತ್ತ ಚಾಚಿದ್ದವು. ನಿನ್ನೆ ಹಾಗಿರಲಿಲ್ಲ. ಮೊಗ್ಗು ಬಿಚ್ಚುತ್ತಿತ್ತು. ಒಂದು ಎಸಳು. ಹೊಟ್ಟೆಯ ಒದೆತ ನಿಂತಿತು. ಇನ್ನೊಂದು ಎಸಳು. ಹೊಟ್ಟೆ ತಣ್ಣಗಾಯಿತು. ಕಲ್ಲಾಯಿತು. ಇದ್ದಿಲೊಳಗೆ ಕೈ ಹಾಕಿದಳು. ನೂಲು ಸುತ್ತಿದ ಒಣ ಗಂಟು. ಬೆಚ್ಚಗಿತ್ತು. ಮಿಡಿಯುತ್ತಿತ್ತು.

ಕುಂಡ ಎತ್ತಿಕೊಂಡು ಓಡಿದಳು.

“ತೊಗೊ ಅಕ್ಕಾ, ನಿಂದು ನೀ ತೊಗೊ!”

ಶೈಲಾ ಬರಿದಾದ ಕಿಟಕಿಯ ಬಳಿ ಕುಳಿತಿದ್ದಳು. “ಉಡ್ಯಾಗ ಹಾಕಿದ್ದು ತಿರುಗಿ ತೊಗೊಳ್ಳಾಕ ಬರೂದಿಲ್ಲ.”

“ಕೂಸು ಮಿಸುಕಾಡವಲ್ದು! ಉಳಸು ಅಕ್ಕಾ!”

“ಉಳೀತೈತಿ. ಯಾರದಾಗಿ ಉಳೀಬೇಕು? ನಿನ್ನ ಬಾಯಿಲೆ ಹೇಳು.”

ಮಗ್ಗಗಳು ನಿಂತೇ ಇದ್ದವು. ಮಧುಮತಿ ಹೊಟ್ಟೆ ಹಿಡಿದುಕೊಂಡಳು.

“ನಿಂದು,” ಎಂದಳು.

ಒಳಗೆ ಕೂಸು ಒದೆಯಿತು. ಕರೆಂಟು ಬಂತು.

ಗಂಡು ಹುಟ್ಟಿತು. ಹೆತ್ತವಳು ಮುಟ್ಟಿದರೆ ನೀಲಿಗಟ್ಟುವವರೆಗೆ ಅಳುತ್ತದೆ. ಶೈಲಾಳ ಮಡಿಲಲ್ಲಿ ಸುಮ್ಮನಾಗುತ್ತದೆ. ಸಂಜೆ ರಾಹುಲ ಹೊಸ್ತಿಲಲ್ಲೇ ಕೇಳುತ್ತಾನೆ: “ವೈನಿ, ಕೂಸು ಮಲಗೇತೇನು?”

ಮಧುಮತಿಯ ಕಿಟಕಿಯಲ್ಲಿ ಈಗ ಹೂ ಬಾಡುವುದಿಲ್ಲ. ಅವಳು ವಾರಕ್ಕೊಮ್ಮೆ ನೀರು ಹಾಕುತ್ತಾಳೆ. ಮೊನ್ನೆ ಎದುರುಮನೆಯ ಶ್ರೀದೇವಿ, ತುಂಬು ಬಸುರಿ, ಕುಂಡದ ಮುಂದೆ ನಿಂತಳು.

“ಎಷ್ಟ ಛಂದ ಐತ್ರಿ ಅಕ್ಕಾರ! ನನಗ ಕೊಡ್ತೀರೇನ್ರಿ?”

ಮಧುಮತಿ ಅವಳ ಹೊಟ್ಟೆಯನ್ನೇ ಬಹಳ ಹೊತ್ತು ನೋಡಿದಳು.

“ಇಲ್ಲ,” ಎಂದಳು. ಮೊದಲನೆಯ ಸಲ.