ನೀಲಿ ಗೆರೆಯ ಚಿಂದಿ

"ಆಟಕ್ಕೂ ಇದನ್ನ ಹೂಳಬೇಡಪ್ಪ," ಎಂದಳು ಮೇಣದ ಬೊಂಬೆ ಮಾಡಿಕೊಟ್ಟ ಮುದುಕಿ. "ಸುಳ್ಳು, ನಿಜ ಇದಕ್ಕೆ ಗೊತ್ತಾಗಲ್ಲ. ಮನೆ ನಂದು ಅನ್ನೋನ ಕಣ್ಣು ಕಟ್ಟುತ್ತೆ. ಕಟ್ಟಿದ ಕೈಯೇ ಬಿಚ್ಚಬೇಕು. ಬಿಚ್ಚೋವಾಗ ಕೈ ತಪ್ಪಿದ್ರೆ ಕಣ್ಣೇ ಹೋಗುತ್ತೆ."

ಗಡಿಯಾರ ರಿಪೇರಿಯವನು ನಕ್ಕ. "ಕೀ ಕೊಡದೆ ನನ್ನ ಗಡಿಯಾರಾನೇ ನಡೆಯಲ್ಲ ಅಜ್ಜಿ. ಈ ಮೇಣದ ಬೊಂಬೆ ಏನು ನಡೆಯುತ್ತೆ?"

ಅವನಿಗೆ ಬೇಕಿದ್ದದ್ದು ಬಾಲ್ಯದ ಗೆಳೆಯ ದರ್ಜಿಯ ಮನೆ. ಅದರ ಮುಂಗೋಣೆಯ ದೊಡ್ಡ ಕಿಟಕಿಯಲ್ಲಿ ದಿನವಿಡೀ ಬೆಳಕು. ಅಂಥ ಬೆಳಕಿದ್ದರೆ ಕೂದಲೆಳೆಯಂಥ ಸ್ಪ್ರಿಂಗನ್ನೂ ಕೂರಿಸಬಹುದು. ದರ್ಜಿ ಮಾರುವುದಿಲ್ಲ ಎಂದಿದ್ದ. ಬೊಂಬೆ ಕಂಡರೆ ತಾನೇ ಹೆದರಿ ಮಾರುತ್ತಾನೆ ಎಂದು ಇವನ ಲೆಕ್ಕಾಚಾರ. ಬೊಂಬೆಯ ಕಣ್ಣಿಗೆ ಕಪ್ಪು ದಾರ ಬಿಗಿದ. ಕೈಗೆ ಸಿಕ್ಕಿದ ಹಳೆಯ ಚಿಂದಿಯಲ್ಲಿ ಸುತ್ತಿದ. ಗೆಳೆಯ ಹೊರಗೆ ಹೋಗಿದ್ದಾಗ ಹೊಸ್ತಿಲ ಕಲ್ಲಿನಡಿ ಹೂತ.

ಮೊದಲು ದರ್ಜಿಗೆ ಸೂಜಿಯ ಕಣ್ಣು ಕಾಣದಾಯಿತು. ಆಮೇಲೆ ಬಟ್ಟೆಯ ಮೇಲೆ ತಾನೇ ಎಳೆದ ಸೀಮೆಸುಣ್ಣದ ಗೀಟು.

"ವಯಸ್ಸು ಕಣೋ. ಕನ್ನಡಕ ಬದಲಾಯಿಸು," ಎಂದ ಇವನು. ಎದ್ದು ಹೋಗಿ ಅಗೆಯಬಹುದಿತ್ತು. ಕಿಟಕಿಯ ಬೆಳಕು ನೆನಪಾಗಿ ಸುಮ್ಮನಾದ.

ಮನೆಯ ಕ್ರಯಪತ್ರಕ್ಕೆ ಸಹಿಯಾದ ದಿನ ದರ್ಜಿ ಕೀಲಿಕೈಯನ್ನು ಮುಷ್ಟಿಯಲ್ಲೇ ಹಿಡಿದು ನಿಂತ.

"ನನಗೇನಾದ್ರೂ ಹೇಳೋದಿದ್ಯೇನೋ?"

"ನಾನೇನು ಹೇಳಲಿ?"

"ಒಂದೇ ತಟ್ಟೇಲಿ ಉಂಡೋರು. ಅದಕ್ಕೆ ಕೇಳ್ದೆ."

"ಏನಿಲ್ಲ ಕಣೋ."

"ಸರಿ ಹಾಗಾದ್ರೆ. ಮನೆ ನಿಂದು."

ಇವನು ಆ ಮನೆಗೆ ಬಂದ ಒಂಬತ್ತನೆಯ ದಿನ, ನಡುಮಧ್ಯಾಹ್ನ. ಕರಗಿದ ಮೇಣದ ವಾಸನೆ, ಅದರ ಹಿಂದೆಯೇ ಹಸಿಮಣ್ಣಿನ ವಾಸನೆ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯ ಕೆಳಗೆ ಸೆಕೆಂಡಿನ ಮುಳ್ಳು ಮಾಯವಾಯಿತು. ಆಮೇಲೆ ನಿಮಿಷದ್ದು. ಗಾಜು ಒರೆಸಿದ. ಕಣ್ಣು ಒರೆಸಿದ. ಕಿಟಕಿ ಕರಗಿತು. ಗೋಡೆಯ ಗಡಿಯಾರಗಳೆಲ್ಲ ಟಿಕ್ ಟಿಕ್ ಎನ್ನುತ್ತಿದ್ದವು. ಒಂದೂ ಕಾಣಲಿಲ್ಲ. ಹೊಸ್ತಿಲಿಗೆ ತೆವಳಿದ. ಕಲ್ಲು ಎತ್ತಿದ. ಉಗುರು ಕಿತ್ತುಬಂತು. ಬೊಂಬೆ ಸಿಕ್ಕಿತು. ತಡವಿದ. ತನ್ನ ಗಂಟಿನ ಮೇಲೆ ಬೇರೊಂದು ಹೊಲಿಗೆ. ಸಣ್ಣ, ಸಮ, ಒತ್ತೊತ್ತಾದ ಹೊಲಿಗೆ. ಅದರ ಗುರುತು ಹೆಬ್ಬೆರಳಿಗೆ ಸಿಕ್ಕಿತು. ತನ್ನ ಅಂಗಿಗಳ ಕಾಲರಿನಲ್ಲೆಲ್ಲ ಇದ್ದದ್ದು ಅದೇ.

ಗೋಡೆ ಹಿಡಿದು, ಎದುರಾದವರಿಂದ ಬೈಸಿಕೊಂಡು, ದರ್ಜಿಯ ಬಾಡಿಗೆ ಕೋಣೆ ಮುಟ್ಟಿದ.

"ಹೊಸ್ತಿಲ ಕಲ್ಲು ಅಲ್ಲಾಡ್ತಿತ್ತು, ಎತ್ತಿದೆ. ಚಿಂದಿ ನೋಡಿ ಗೊತ್ತಾಯ್ತು," ಎಂದ ದರ್ಜಿ. "ನೀಲಿ ಗೆರೆ. ನಿನ್ನ ಮದುವೆಗೆ ನಾನೇ ಹೊಲಿದ ಅಂಗಿ. ಮೇಲೊಂದು ಹೊಲಿಗೆ ಹಾಕಿ ಇದ್ದಲ್ಲೇ ಇಟ್ಟೆ. ಕೀಲಿ ಕೊಟ್ಟ ದಿನ ಇನ್ನೂ ಒಂಚೂರು ಕಾಣ್ತಿತ್ತು. ನೀನು ಬಾಯಿ ಬಿಟ್ಟಿದ್ರೆ ಅವತ್ತೇ ಬಿಚ್ಚಿಬಿಡ್ತಿದ್ದೆ."

"ಈಗ ಬಿಚ್ಚೋ. ಕಾಲು ಹಿಡ್ಕೋತೀನಿ. ಮೇಲಿಂದು ನೀನು ಬಿಚ್ಚು, ನನ್ನ ಗಂಟು ನಾನು ಬಿಚ್ತೀನಿ."

ದರ್ಜಿ ಬೊಂಬೆಗಾಗಿ ಕೈ ಚಾಚಿದ. ಆ ಕೈ ಗಾಳಿಯಲ್ಲಿ ತಡಕಾಡಿ, ಇವನ ಭುಜ ಸವರಿ, ತೋಳಿನುದ್ದಕ್ಕೂ ಇಳಿದು ಬೊಂಬೆಯನ್ನು ಮುಟ್ಟಿತು. ಕತ್ತರಿ ಕರಕ್ಕೆಂದು ತೆರೆಯಿತು.

"ಎಲ್ಲಿದೆಯೋ ಹೊಲಿಗೆ? ನನಗೀಗ ಪೂರ್ತಿ ಕತ್ತಲೆ. ನೀನೇ ನೋಡಿ ಹೇಳು."

ಬೊಂಬೆ ಇದ್ದದ್ದು ದರ್ಜಿಯ ಅಂಗೈಯಲ್ಲಿ, ಮೊಳ ದೂರದಲ್ಲಿ. ಕತ್ತರಿಯ ಸದ್ದೂ ಅಲ್ಲೇ. ತಣ್ಣನೆಯ ಕಬ್ಬಿಣದ ಮೊನೆ ಬಂದು ತಾಗಿದ್ದು ಇವನ ರೆಪ್ಪೆಗೆ.

"ಅಲ್ಲಾಡಬೇಡ," ಎಂದ ದರ್ಜಿ.